ಬಾಗಿಲಿಗೆ ಬೆನ್ನು ಹಾಕಿ ಕೂತವನು

ಜೂನ್ ೪

ಗುಬ್ಬಿ,

ಕವರಿನ ಮೇಲಿನ ಅಕ್ಷರ ನೋಡಿ ನೀನು ಇದನ್ನು ಒಡೆಯದೆ ಮೂಲೆಗೆ ಎಸೆಯಬಹುದು ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ಒಡೆದಿದ್ದರೆ, ಇಲ್ಲಿವರೆಗೆ ಓದಿದ್ದಕ್ಕೆ ಸಂತೋಷ. ಕಳೆದ ಏಳು ವರ್ಷದಲ್ಲಿ ಅಪ್ಪ ಮಗಳು ಆಡಿದ ಮಾತನ್ನೆಲ್ಲ ಸೇರಿಸಿದರೂ ಒಂದು ಕಾರ್ಡು ತುಂಬಲಿಕ್ಕಿಲ್ಲ.

ಅಂಗಡಿ ಹಾಗೇ ಇದೆ. ಹೊಲಿಗೆ ಯಂತ್ರ ರಿಪೇರಿಗೆ ತರುವವರು ಕಡಿಮೆಯಾಗಿದ್ದಾರೆ. ಬರುವ ಯಂತ್ರಗಳೂ ನನ್ನಷ್ಟೇ ಹಳೆಯವು, ಹಾಗಾಗಿ ನಮ್ಮ ನಮ್ಮಲ್ಲಿ ಹೊಂದಾಣಿಕೆ ಚೆನ್ನಾಗಿದೆ.

ವಿಷಯಕ್ಕೆ ಬರುತ್ತೇನೆ. ನನಗೆ ಕಿವಿ ಕೇಳುವುದಿಲ್ಲ.

ಇದನ್ನು ನಾನು ಬರೆದದ್ದು ಇದೇ ಮೊದಲು. ಬರೆದು, ಎದ್ದು ಹೋಗಿ ನೀರು ಕುಡಿದು ಬಂದೆ. ಹೋದ ತಿಂಗಳು ಅಂಗಡಿ ಮುಂದೆ ಒಂದು ವ್ಯಾನು ಹಿಂದಕ್ಕೆ ಬರುತ್ತಿತ್ತು. ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದನಂತೆ. ಎದುರಿನ ಜೆರಾಕ್ಸ್ ಅಂಗಡಿಯಾಕೆ ಓಡಿ ಬಂದು ನನ್ನ ಕಾಲರ್ ಹಿಡಿದು ಎಳೆಯದಿದ್ದರೆ ಈ ಪತ್ರ ಬರುತ್ತಿರಲಿಲ್ಲ. ಎಳೆದ ಮೇಲೆ ಬೈದಳು. "ಕಿವೀಲೇನು ಹತ್ತಿ ತುಂಬ್ಕೊಂಡಿದೀರಾ?" ಅವಳ ತುಟಿ ನೋಡಿ ತಿಳಿದುಕೊಂಡೆ. ಹದಿನೆಂಟು ವರ್ಷ ಫಿರಂಗಿಯ ಪಕ್ಕ ನಿಂತಿದ್ದೆ ಅಂದೆ. ಅವಳು ಕಾಲರ್ ಬಿಟ್ಟಳು. ಮರುದಿನ ಅರ್ಜಿ ಹಿಡಿದು ಬಂದಳು.

ಸೈನ್ಯದ ಕೆಲಸದಿಂದಲೇ ದೇಹಕ್ಕೆ ಊನವಾಗಿದ್ದರೆ ಮಾಜಿ ಸೈನಿಕರಿಗೆ ಪರಿಹಾರ ಕೊಡುತ್ತಾರಂತೆ. ಎರಡೂ ಕಿವಿಗೆ ಯಂತ್ರ, ತಿಂಗಳಿಗೆ ಒಂದಿಷ್ಟು ಹಣ. ಆದರೆ ಸೈನ್ಯ ಬಿಡುವಾಗಿನ ಪರೀಕ್ಷೆಯಲ್ಲಿ ನನ್ನ ಕಿವಿ ಸರಿಯಾಗಿತ್ತು ಅಂತ ದಾಖಲೆಯಿದೆ. 'ಇದು ವಯಸ್ಸಿನ ಕಿವುಡು ಯಾಕಾಗಿರಬಾರದು?' ಅಂತ, ನಾನು ಕಳಿಸಿದ ಅರ್ಜಿಗೆ ಪರಿಹಾರ ಮಂಡಳಿಯವರು ಕೇಳಿದ್ದಾರೆ. ಯಾವಾಗಿಂದ ಕೇಳುವುದಿಲ್ಲ, ಏನೇನು ಕಂಡಿರಿ ಅಂತ ಮನೆಯಲ್ಲಿದ್ದವರು ಬರೆದು ಸಹಿ ಹಾಕಬೇಕು. ಆಮೇಲೆ ಹೊಸದಾಗಿ ಕಿವಿ ಪರೀಕ್ಷೆ.

ಮನೆಯಲ್ಲಿದ್ದವರು ಅಂದರೆ ನಿನ್ನ ಅಮ್ಮ. ಅವಳಿಲ್ಲ. ಉಳಿದವಳು ನೀನು. ಬರೆದುಕೊಡುತ್ತೀಯಾ? ಇನ್ನೊಂದು ವ್ಯಾನು ಬಂದಾಗ ಜೆರಾಕ್ಸಿನಾಕೆ ಅಂಗಡಿಯಲ್ಲೇ ಇರುತ್ತಾಳೆ ಅಂತ ಹೇಳಲಾಗುವುದಿಲ್ಲ.

ಫೋನಿನಲ್ಲೇ ಮೆಸೇಜ್ ಹಾಕಬಹುದಿತ್ತಲ್ಲ ಅನ್ನಬೇಡ. ನಿನ್ನ ನಂಬರು ಬದಲಾಗಿದೆ, ನನ್ನ ಹೆಬ್ಬೆರಳು ಒಂದು ಸಲಕ್ಕೆ ನಾಲ್ಕು ಅಕ್ಷರ ಒತ್ತುತ್ತದೆ.

ನಿನ್ನ,
ಅಪ್ಪ

*

ಜೂನ್ ೧೭

ಅಪ್ಪನಿಗೆ,

ಪತ್ರ ತಲುಪಿತು. ವ್ಯಾನಿನ ವಿಷಯ ಓದಿ ಗಾಬರಿಯಾಯಿತು. ರಸ್ತೆಯಲ್ಲಿ ಹುಷಾರಾಗಿರಿ.

ನೀವು ಕೇಳಿದ್ದನ್ನು ನಾನು ಬರೆಯಲಾರೆ. ನೋಡದೇ ಇರುವುದನ್ನು ನೋಡಿದೆ ಅಂತ ಹೇಗೆ ಸಹಿ ಹಾಕಲಿ? ಅಮ್ಮ ಇದ್ದಾಗ ನಿಮಗೆ ಎಲ್ಲವೂ ಕೇಳಿಸುತ್ತಿತ್ತು. ನಾನು ಹೇಳಿದ್ದಕ್ಕೆ ನಗುತ್ತಿದ್ದಿರಿ, ಬೈಯುತ್ತಿದ್ದಿರಿ, ಉತ್ತರ ಕೊಡುತ್ತಿದ್ದಿರಿ. ಅಮ್ಮ ಹೋದ ಮೇಲೆ ನಾನು ಮಾತಾಡಿದರೆ ಗೋಡೆಯಾದರೂ ವಾಸಿ ಅನ್ನಿಸುವಂತಾಯಿತು. ನಿಮಗೆ ಬೇಕಾಗಿದ್ದವಳು ಅಮ್ಮ, ನಾನು ಅವಳ ಜೊತೆ ಬಂದ ಸಾಮಾನು ಅಂತ ಅರ್ಥ ಮಾಡಿಕೊಂಡೆ. ಅದಕ್ಕೂ ಕಿವಿಗೂ ಸಂಬಂಧವಿಲ್ಲ.

ನಾನಿಲ್ಲಿ ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುವ ಕೆಲಸದಲ್ಲಿದ್ದೇನೆ. ಗಾಜಿನ ಕೋಣೆಯಲ್ಲಿ ಒಬ್ಬಳೇ ಕೂತು ದಿನವಿಡೀ ಮಾತಾಡುತ್ತೇನೆ, ಯಾರೂ ಉತ್ತರ ಕೊಡುವುದಿಲ್ಲ. ಮನೆಯಲ್ಲಿ ಚೆನ್ನಾಗಿ ಅಭ್ಯಾಸವಾಗಿತ್ತು.

ಇಂತಿ,
ನಿಮ್ಮ ಮಗಳು

*

ಜುಲೈ ೯

ಗುಬ್ಬಿ,

'ನೀವು' ಅಂತ ಬರೆದಿದ್ದೀಯ. ನಾಲ್ಕು ವರ್ಷದವಳಿದ್ದಾಗ ನನ್ನ ಮೀಸೆ ಹಿಡಿದು 'ನೀನು ದಡ್ಡ' ಅಂದವಳು. ಈ ಮರ್ಯಾದೆ ನನಗೆ ಸಣ್ಣ ಚಪ್ಪಲಿ ಹಾಕಿಕೊಂಡ ಹಾಗಾಗುತ್ತಿದೆ.

ಪ್ರಕಟಣೆಯ ಕೆಲಸ ಅಂತ ತಿಳಿದು ಹೆಮ್ಮೆಯಾಯಿತು. ಆಮೇಲೆ, ಇಷ್ಟು ವರ್ಷ ನನ್ನ ಮಗಳು ಏನು ಮಾಡುತ್ತಿದ್ದಾಳೆ ಅಂತ ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆ ಅಂತ ಯೋಚಿಸಿ ಬೇಜಾರಾಯಿತು.

ನಿನಗೆ ಗೊತ್ತಿಲ್ಲದ್ದು ನಿನ್ನ ತಪ್ಪಲ್ಲ. ನಿನಗೆ ಗೊತ್ತಾಗಬಾರದು ಅಂತಲೇ ನಾವಿಬ್ಬರೂ ಹೆಣಗಿದ್ದು.

ಫಿರಂಗಿ ಹಾರುವಾಗ ಸದ್ದು ಕಿವಿಗೆ ಬರುವುದಿಲ್ಲ, ಎದೆಗೆ ಬರುತ್ತದೆ. ಕಿವಿಗೆ ಬರುವುದು ಆಮೇಲೆ. ದೂರದಲ್ಲಿ ಯಾರೋ ಸೀಟಿ ಊದುತ್ತಿರುವ ಹಾಗೆ. ಮೊದಲು ಸಂಜೆಯ ಹೊತ್ತಿಗೆ ನಿಲ್ಲುತ್ತಿತ್ತು. ಆಮೇಲೆ ನಿಲ್ಲಲೇ ಇಲ್ಲ. ಇದನ್ನು ಬರೆಯುವಾಗಲೂ ಅವನು ಊದುತ್ತಲೇ ಇದ್ದಾನೆ, ಅವನಿಗೆ ಸುಸ್ತು ಅನ್ನುವುದೇ ಇಲ್ಲ.

ಹೇಳಬಹುದಿತ್ತಲ್ಲ ಅನ್ನುತ್ತೀಯ. ಹೇಳಿದವನನ್ನು ಫಿರಂಗಿಯಿಂದ ತೆಗೆದು ಉಗ್ರಾಣಕ್ಕೆ ಹಾಕುತ್ತಿದ್ದರು, ಕಂಬಳಿ ಎಣಿಸುವುದಕ್ಕೆ. ನಮ್ಮ ತಂಡದಲ್ಲಿ ಒಬ್ಬ ಹಾಗೆ ಹೋದ. ಪೆಟ್ಟಿಗೆ ಹೊತ್ತು ಹೊರಡುವಾಗ ನಾವು ಯಾರೂ ಅವನ ಮುಖ ನೋಡಲಿಲ್ಲ. ಅವತ್ತಿನಿಂದ ಉಳಿದವರೆಲ್ಲ ಒಬ್ಬರಿಗೊಬ್ಬರು ಉಪಾಯ ಹೇಳಿಕೊಟ್ಟು ಪ್ರತಿ ವರ್ಷ ಪರೀಕ್ಷೆ ದಾಟಿದೆವು. ಬಿಡುವಾಗಲೂ ಹಾಗೇ ದಾಟಿದೆ. ಕಿವುಡ ಅಂತ ಬರೆದರೆ ಆಸ್ಪತ್ರೆಯಲ್ಲಿ ಕೂರಿಸುತ್ತಿದ್ದರು. ಮನೆಗೆ ಬರುವ ಆತುರ, ನೀನಾಗ ತೊಟ್ಟಿಲಲ್ಲಿದ್ದೆ. ನನ್ನ ಕಾಲಿನ ಮೇಲೆ ನಾನೇ ಕಲ್ಲು ಹಾಕಿಕೊಂಡೆ.

ಗೊತ್ತಿದ್ದವಳು ನಿನ್ನ ಅಮ್ಮ ಒಬ್ಬಳೇ. ಊಟಕ್ಕೆ ಕೂತಾಗ ಯಾವಾಗಲೂ ನನ್ನ ಎದುರಿಗೇ ಕೂರುತ್ತಿದ್ದಳು, ನೆನಪಿದೆಯಾ? ನೀನು ಏನಾದರೂ ಹೇಳಿದ ತಕ್ಷಣ ಮೇಜಿನ ಕೆಳಗೆ ನನ್ನ ಕಾಲು ಒತ್ತುತ್ತಿದ್ದಳು. ಆಮೇಲೆ, "ನೋಡಿ, ಗುಬ್ಬಿ ಪಾಸಾದಳಂತೆ" ಅಂತ ನನ್ನ ಕಡೆ ತುಟಿ ತಿರುಗಿಸಿ ಹೇಳುತ್ತಿದ್ದಳು. ಹೇಳಿದ್ದನ್ನೇ ಹೇಳುತ್ತಾಳೆ ಅಂತ ನೀನು ರೇಗುತ್ತಿದ್ದೆ. ನಿನ್ನ ಮಾತೆಲ್ಲ ನನಗೆ ಬಂದದ್ದು ಅವಳ ಬಾಯಿಂದ. ಅವಳು ಹೋದ ದಿನ ಹೆಂಡತಿಯೂ ಹೋದಳು, ಕಿವಿಯೂ ಹೋಯಿತು.

ಒಂದು ಮಾತ್ರ ನನಗೆ ಇವತ್ತಿಗೂ ನುಂಗಲಾಗುತ್ತಿಲ್ಲ. ನೀನು ಹೊರಟ ಬೆಳಿಗ್ಗೆ ಒಂದು ಮಾತು ಹೇಳದೆ ಹೋದೆಯಲ್ಲ. ಹಿಂದಿನ ದಿನ ನೀನು ಹೊರಡುವ ಬಗ್ಗೆ ಎದುರೆದುರು ನಿಂತು ಜಗಳವಾಡಿದ್ದೆವು, ಒಪ್ಪಿದೆ. ಆದರೂ. ನಾನು ಕೆಲಸ ಮುಗಿಸಿ ತಿರುಗಿದಾಗ ಬಾಗಿಲು ತೆರೆದೇ ಇತ್ತು, ನಿನ್ನ ಚಪ್ಪಲಿ ಇರಲಿಲ್ಲ.

ನಿನ್ನ,
ಅಪ್ಪ

*

ಆಗಸ್ಟ್ ೨

ಅಪ್ಪ,

ಒಂದು ಮಾತು ಹೇಳದೆ ಹೋದೆನಾ?

ನಾನು ಹೊಸ್ತಿಲ ಹತ್ತಿರ ಚೀಲ ಹಿಡಿದು ನಿಂತಿದ್ದೆ. ನೀವು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಿರಿ. ಮೇಜಿನ ಮೇಲೆ ಆ ಕಪ್ಪು ಯಂತ್ರ ಬಿಚ್ಚಿಟ್ಟಿತ್ತು. "ಅಪ್ಪಾ, ಹೊರಟೆ" ಅಂದೆ. ನೀವು ಎಣ್ಣೆ ಬಿಡುತ್ತಿದ್ದಿರಿ. "ಅಪ್ಪಾ" ಅಂತ ಮತ್ತೆ ಕರೆದೆ. ನೀವು ಸ್ಕ್ರೂ ತಿರುಗಿಸಿದಿರಿ. ಮೂರನೇ ಸಲ ನನಗೆ ಅಳು ಬಂದಿತ್ತು. "ಅಪ್ಪಾ, ಇರು ಅಂದ್ರೆ ಇರ್ತೀನಿ" ಅಂದೆ. ನೀವು ಬಟ್ಟೆ ತಗೊಂಡು ಯಂತ್ರದ ಚಕ್ರ ಒರೆಸಿದಿರಿ. ನಿಧಾನವಾಗಿ, ಪ್ರೀತಿಯಿಂದ.

ಈ ಏಳು ವರ್ಷ ನಾನು ನಿಮ್ಮ ಮುಖ ನೆನಪು ಮಾಡಿಕೊಂಡಿಲ್ಲ. ನೆನಪಿಗೆ ಬರುವುದು ಬೆನ್ನು ಮಾತ್ರ. ಅಂಗಿಯ ಹೊಲಿಗೆ ಬಿಟ್ಟ ಜಾಗವೂ ನೆನಪಿದೆ.

ನಿಮ್ಮ ಪತ್ರ ಬಂದ ಮೇಲೆ ಸರಿಯಾಗಿ ಕೆಲಸ ಮಾಡಲಾಗುತ್ತಿಲ್ಲ. ಮೊನ್ನೆ ಎರಡನೇ ಪ್ಲಾಟ್‌ಫಾರ್ಮಿನ ರೈಲನ್ನು ಐದನೆಯದಕ್ಕೆ ಕಳಿಸಿ ಬೈಸಿಕೊಂಡೆ. ಮದುವೆ ಮನೆಗಳಲ್ಲಿ ನೀವು ಯಾವಾಗಲೂ ಮೂಲೆಯಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದದ್ದು, ಎಲ್ಲರೂ ನಕ್ಕು ಮುಗಿಸಿದ ಮೇಲೆ ನಗುತ್ತಿದ್ದದ್ದು, ಒಂದೊಂದೇ ನೆನಪಾಗುತ್ತಿದೆ. ನೆನಪಾದಷ್ಟೂ ಸಿಟ್ಟು ಬರುತ್ತಿದೆ. ಯಾರ ಮೇಲೆ ಅಂತ ಗೊತ್ತಾಗುತ್ತಿಲ್ಲ.

ಒಂದೇ ಒಂದು ಪ್ರಶ್ನೆ. ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಅವತ್ತು ನಿಮಗೆ ಕೇಳಿಸಲಿಲ್ಲವಾ, ಕೇಳಿಸಿಯೂ ಸುಮ್ಮನೆ ಕೂತಿದ್ದಿರಾ? ಅದು ತಿಳಿಯದೆ ನಾನು ಮಂಡಳಿಗೆ ಒಂದು ಅಕ್ಷರವನ್ನೂ ಬರೆಯಲಾರೆ.

ಗುಬ್ಬಿ

*

ಆಗಸ್ಟ್ ೨೧

ಗುಬ್ಬಿ,

ನಿನ್ನ ಪತ್ರ ಓದಿ ಎರಡು ದಿನ ಅಂಗಡಿ ತೆಗೆಯಲಿಲ್ಲ.

ಕೇಳಿಸಲಿಲ್ಲ ಅಂತ ನಾನು ಬರೆದರೆ ನೀನು ಯಾಕೆ ನಂಬಬೇಕು? ನನಗೇ ನನ್ನ ಮೇಲೆ ನಂಬಿಕೆ ಬರಲಿಲ್ಲ. ಮಗಳು ಅಳುತ್ತಾ ಕರೆದರೂ ಕೇಳಿಸದಷ್ಟು ಕಿವುಡನಾ ನಾನು? ಮೂರನೇ ದಿನ ಜೆರಾಕ್ಸಿನಾಕೆಯನ್ನು ಮನೆಗೆ ಕರೆದೆ. ಹೊಸ್ತಿಲ ಹತ್ತಿರ ನಿಲ್ಲಿಸಿ, ನಾನು ಅಲ್ಲೇ, ಅದೇ ಕುರ್ಚಿಯಲ್ಲಿ, ಬಾಗಿಲಿಗೆ ಬೆನ್ನು ಹಾಕಿ ಕೂತೆ. ಅಪ್ಪಾ ಅಂತ ಮೂರು ಸಲ ಕರಿ ಅಂದೆ. ನನಗಿಂತ ಹತ್ತು ವರ್ಷ ಚಿಕ್ಕವಳು ಅಷ್ಟೆ, ಅವಳಿಗೆ ನಗು. "ನಿಮ್ಮನ್ನ ಅಪ್ಪ ಅಂತ ಕರೆದ್ರೆ ನಮ್ಮನೆಯವರು ಏನಂತಾರೆ?" ಅಂದಳು.

ಎಣ್ಣೆ ಡಬ್ಬಿ ಹಿಡಿದು ಕಾದೆ. ಕಾದೆ, ಕಾದೆ. ಇನ್ನೂ ನಗುತ್ತಲೇ ಇದ್ದಾಳೆ, ಶುರು ಮಾಡಿಲ್ಲ ಅಂದುಕೊಂಡೆ. ಬೈಯಬೇಕು ಅಂತ ತಿರುಗಿದರೆ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಅವಳ ಹಿಂದೆ ಪಕ್ಕದ ಮನೆಯ ಕ್ಷೌರಿಕ, ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡ ಅವನ ಗಿರಾಕಿ, ಇಬ್ಬರೂ ಗಾಬರಿಯಾಗಿ ನಿಂತಿದ್ದಾರೆ. ಕೊನೆಯ ಸಲ ಅವಳು ಕಿರುಚಿದ್ದಳಂತೆ. ಯಾರಿಗೋ ಏನೋ ಆಯಿತು ಅಂತ ಅವರು ಓಡಿ ಬಂದಿದ್ದರು.

ನನಗೆ ಏನೂ ಕೇಳಿಸಿರಲಿಲ್ಲ ಮಗಳೇ. ಸೀಟಿ ಊದುವವನು ಮಾತ್ರ ಇದ್ದ.

ಅವತ್ತು ಕೇಳಿಸಿದ್ದರೆ 'ಇರು' ಅನ್ನುತ್ತಿರಲಿಲ್ಲ. ನೀನು ಹೋಗಬೇಕಾದದ್ದೇ ಸರಿ ಅಂತ ಗೊತ್ತಿತ್ತು, ಜಗಳದಲ್ಲಿ ಸೋಲಬಾರದು ಅಂತ ಮಾತ್ರ ಹಟ ಹಿಡಿದಿದ್ದೆ. ಆದರೆ ಎದ್ದು ಬಂದು ನಿನ್ನ ಚೀಲ ಹೊತ್ತುಕೊಂಡು ನಿಲ್ದಾಣದವರೆಗೆ ಬರುತ್ತಿದ್ದೆ. ಆ ದರಿದ್ರ ಯಂತ್ರ ನೆಲಕ್ಕೆ ಬಿದ್ದಿದ್ದರೂ ತಿರುಗಿ ನೋಡುತ್ತಿರಲಿಲ್ಲ.

ಅಪ್ಪ

*

ಸೆಪ್ಟೆಂಬರ್ ೧೪

ಅಪ್ಪ,

ಮಂಡಳಿಗೆ ಕಳಿಸಿದ್ದರ ಪ್ರತಿ ಇಟ್ಟಿದ್ದೇನೆ. ಇದನ್ನು ಬರೆಯುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ನೀನು ಓದು, ಆದರೆ ಇದರ ಬಗ್ಗೆ ನನಗೆ ಏನೂ ಬರೆಯಬೇಡ.

ಗುಬ್ಬಿ

ಪರಿಹಾರ ಮಂಡಳಿಯ ಅಧ್ಯಕ್ಷರಿಗೆ,

ನನ್ನ ತಂದೆಗೆ ಕಿವಿ ಕೇಳುವುದಿಲ್ಲವೆಂದು ಮೊದಲು ಗಮನಿಸಿದ್ದು ಯಾವಾಗ ಎಂದು ಕೇಳಿದ್ದೀರಿ. ಕಳೆದ ತಿಂಗಳು. ಆದರೆ ಅವರಿಗೆ ನಾನು ಹುಟ್ಟುವ ಮೊದಲಿಂದಲೂ ಕೇಳುತ್ತಿರಲಿಲ್ಲ. ಅದಕ್ಕೆ ನನ್ನಲ್ಲಿರುವ ಆಧಾರ ಇದು.

ನಾನು ಮಾತು ಕಲಿಯುವಾಗ ನನ್ನ ತಾಯಿ ಒಂದು ನಿಯಮ ಕಲಿಸಿದ್ದರು. ಅಪ್ಪನನ್ನು ಕೂಗಬಾರದು, ಹೋಗಿ ಮುಟ್ಟಬೇಕು. ಊಟಕ್ಕೆ ಕರೆಯುವುದಿದ್ದರೂ ಅಂಗಡಿಗೆ ನಡೆದು ಹೋಗಿ, ಭುಜ ಮುಟ್ಟಿ, ಅವರು ತಿರುಗಿದ ಮೇಲೆ ಹೇಳಬೇಕು. ಬೇರೆ ಮಕ್ಕಳು ಅವರವರ ಅಪ್ಪಂದಿರನ್ನು ಬೀದಿಯ ತುದಿಯಿಂದ ಕೂಗುತ್ತಿದ್ದರು. ನಮ್ಮ ಮನೆಯಲ್ಲಿ ಮರ್ಯಾದೆ ಹೆಚ್ಚು ಎಂದುಕೊಂಡಿದ್ದೆ. ಆಗ ನನ್ನ ತಂದೆಗೆ ನಲವತ್ತು ವರ್ಷವೂ ಆಗಿರಲಿಲ್ಲ. ಅದು ವಯಸ್ಸಿನ ಕಿವುಡಾಗಿರಲು ಸಾಧ್ಯವಿಲ್ಲ.

ದೊಡ್ಡವಳಾದ ಮೇಲೆ ನಾನು ಮುಟ್ಟುವುದನ್ನು ಬಿಟ್ಟೆ, ಕೂಗಲು ಶುರು ಮಾಡಿದೆ. ತಾಯಿ ಇರುವವರೆಗೆ ಅದರಿಂದ ತೊಂದರೆಯಾಗಲಿಲ್ಲ. ಅವರು ತೀರಿಕೊಂಡ ಮೇಲೆ ನನ್ನ ತಂದೆ ನಾನು ಕೂಗಿ ಹೇಳಿದ ಯಾವ ಮಾತಿಗೂ ಉತ್ತರ ಕೊಡಲಿಲ್ಲ. ಅವರಿಗೆ ನಾನು ಬೇಡ ಎಂದು ತಿಳಿದು ಮನೆ ಬಿಟ್ಟೆ.

ಸೈನ್ಯದ ಕೆಲಸದಿಂದ ಅವರಿಗೆ ಆದ ನಷ್ಟವನ್ನು ವಿವರಿಸಿ ಎಂದಿದ್ದೀರಿ. ಎರಡು ಕಿವಿ, ಮತ್ತು ಏಳು ವರ್ಷ ನಾನು.

*

ನವೆಂಬರ್ ೮

ಗುಬ್ಬಿ,

ನೀನು ಕಳಿಸಿದ್ದರ ಬಗ್ಗೆ ಏನೂ ಬರೆಯುವುದಿಲ್ಲ. ಮಡಿಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ, ಅಷ್ಟೆ.

ಈಗ ನಗುವ ಸುದ್ದಿ ಹೇಳುತ್ತೇನೆ. ಕಿವಿ ಪರೀಕ್ಷೆಯಲ್ಲಿ ನಾನು ಒಳ್ಳೆಯ ಅಂಕ ತೆಗೆದು ಪಾಸಾಗಿದ್ದೇನೆ. ಅರ್ಜಿ ತಿರಸ್ಕಾರವಾಗಿದೆ.

ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ ಕಿವಿಗೆ ಮುಚ್ಚಳ ಹಾಕಿದರು. ಸದ್ದು ಕೇಳಿದಾಗಲೆಲ್ಲ ಬೆರಳು ಎತ್ತಬೇಕು. ಗಾಜಿನ ಆಚೆ ಒಬ್ಬ ಹುಡುಗಿ ಗುಂಡಿ ಒತ್ತುತ್ತಿದ್ದಳು. ಪಾಪ, ಒಳ್ಳೆಯವಳು, ಕೈಯನ್ನು ಮೇಜಿನ ಮರೆಯಲ್ಲಿಟ್ಟುಕೊಂಡಿದ್ದಳು. ಆದರೆ ಕೈ ಮರೆಯಾದರೂ ಭುಜ ಮರೆಯಾಗುವುದಿಲ್ಲ. ಒತ್ತುವಾಗ ಬಲಭುಜ ಒಂದು ಎಳೆಯಷ್ಟು ಕೆಳಗಿಳಿಯುತ್ತದೆ. ಆ ಕಾಲದಲ್ಲಿ ನಾವು ಒಬ್ಬರಿಗೊಬ್ಬರು ಹೇಳಿಕೊಟ್ಟ ಉಪಾಯ ಅದೇ. ಕಿವಿಯನ್ನು ಮರೆತುಬಿಡು, ಭುಜ ನೋಡು.

ದೇವರಾಣೆ, ಮೋಸ ಮಾಡಬೇಕು ಅಂತ ಹೋಗಿರಲಿಲ್ಲ. ಕಿವುಡ ಅಂತ ಹೇಳಿಸಿಕೊಳ್ಳಲಿಕ್ಕೇ ಹೋಗಿದ್ದೆ. ಭುಜ ಇಳಿಯಿತು, ಬೆರಳು ತಾನಾಗಿ ಎದ್ದಿತು. ಮತ್ತೆ ಇಳಿಯಿತು, ಮತ್ತೆ ಎದ್ದಿತು. ಒಳಗಿನಿಂದ ಯಾರೋ, ಸಿಕ್ಕಿಬಿದ್ದರೆ ಕಂಬಳಿ ಎಣಿಸಬೇಕಾಗುತ್ತದೆ ಅನ್ನುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಕಲಿತ ಗುಣವೂ ಹಾಗೇ ಅಂತ ಗೊತ್ತಿರಲಿಲ್ಲ.

ಜೆರಾಕ್ಸಿನಾಕೆ ನನ್ನನ್ನು ಹಿಡಿದು ಉಗಿದಳು. ಕೇಳಿಸಲಿಲ್ಲ, ಆದರೆ ಬೀದಿಯವರೆಲ್ಲ ನನ್ನ ಕಡೆ ನೋಡಿದ್ದರಿಂದ ಜೋರಾಗಿಯೇ ಉಗಿದಿರಬೇಕು. ಮೇಲ್ಮನವಿ ಹಾಕಬಹುದಂತೆ, ಜನವರಿಯಲ್ಲಿ ಇನ್ನೊಂದು ಪರೀಕ್ಷೆ, ಅದೇ ಕೊನೆ. ನನಗೆ ಭಯವಾಗುತ್ತಿದೆ. ಮತ್ತೆ ಬೆರಳು ಎದ್ದರೆ ನಿನ್ನ ಪತ್ರವೂ ಸುಳ್ಳಾಗುತ್ತದೆ.

ಈಗೀಗ ಸಂಜೆ ಅಂಗಡಿ ಮುಚ್ಚಿದ ಮೇಲೆ ತುಂಬ ಒಂಟಿ ಅನ್ನಿಸುತ್ತದೆ. ಮೊದಲೂ ಒಂಟಿಯೇ ಇದ್ದೆ, ಆಗ ಇಷ್ಟು ಅನ್ನಿಸುತ್ತಿರಲಿಲ್ಲ. ನಿನ್ನ ಪತ್ರಗಳು ಅಭ್ಯಾಸ ಕೆಡಿಸಿವೆ.

ಅಪ್ಪ

*

ನವೆಂಬರ್ ೨೦

ಅಪ್ಪ,

ನಿನ್ನ ಪತ್ರವನ್ನು ಗಾಜಿನ ಕೋಣೆಯಲ್ಲಿ ಕೂತು ಓದಿದೆ. ಮೊದಲು ನಕ್ಕೆ. ಆಮೇಲೆ ಒಂದು ರೈಲು ನನ್ನ ಪ್ರಕಟಣೆಯಿಲ್ಲದೇ ಹೊರಟುಹೋಯಿತು.

ಕಣ್ಣು ಮುಚ್ಚಿಕೋ ಅಪ್ಪ. ಇಷ್ಟೇ ನನಗೆ ಗೊತ್ತಿರುವ ಉಪಾಯ. ಒಳಗೆ ಕೂತ ತಕ್ಷಣ ಕಣ್ಣು ಮುಚ್ಚಿಕೋ, ಅವರು ಬಂದು ಮುಟ್ಟುವವರೆಗೆ ತೆರೆಯಬೇಡ. ಇನ್ನು ಯಾರೂ ನಿನ್ನನ್ನು ಉಗ್ರಾಣಕ್ಕೆ ಕಳಿಸುವುದಿಲ್ಲ. ನಿನಗೆ ಕೇಳುವುದಿಲ್ಲ. ಕೇಳದಿದ್ದರೂ ನೀನು ನನ್ನ ಅಪ್ಪನೇ.

ಜೊತೆಗೆ ಬರೋಣ ಅಂದರೆ ಜನವರಿಯಲ್ಲಿ ರಜೆ ಇಲ್ಲ ಅಂದುಬಿಟ್ಟರು. ತಪ್ಪು ಪ್ಲಾಟ್‌ಫಾರ್ಮ್ ಹೇಳಿದವಳಿಗೆ ಯಾರು ಕೊಡುತ್ತಾರೆ?

ಗುಬ್ಬಿ

*

ಜನವರಿ ೧೬

ಗುಬ್ಬಿ,

ಇದಕ್ಕೆ ಅಂಚೆ ಚೀಟಿ ಹಚ್ಚಿಲ್ಲ. ನಿನ್ನ ಕೈಗೆ ತಂದುಕೊಟ್ಟವರು ನಿಮ್ಮ ನಿಲ್ದಾಣದಲ್ಲೇ ಸಾಮಾನು ಹೊರುವವರು. ಒಳಗೆ ಪ್ರವೇಶವಿಲ್ಲ ಅಂತ ನಿನ್ನ ಕೋಣೆಯ ಬಾಗಿಲಿನ ಮೇಲೆ ಬರೆದಿದೆ, ನಾನು ಶಿಸ್ತಿನ ಮನುಷ್ಯ.

ನಿನ್ನೆ ಪರೀಕ್ಷೆಯಾಯಿತು. ಅದೇ ಹುಡುಗಿ, ಅದೇ ಗಾಜು. ಕೂತ ತಕ್ಷಣ ಕಣ್ಣು ಮುಚ್ಚಿಕೊಂಡೆ. ಅಷ್ಟು ಕತ್ತಲಲ್ಲಿ ಅಷ್ಟು ಒಬ್ಬಂಟಿಯಾಗಿ ನಾನು ಯಾವತ್ತೂ ಕೂತಿರಲಿಲ್ಲ. ಫಿರಂಗಿಯ ಪಕ್ಕದಲ್ಲೂ ಇಲ್ಲ, ನಿನ್ನ ಅಮ್ಮ ಹೋದ ರಾತ್ರಿಯೂ ಇಲ್ಲ. ಬೆರಳು ಎಷ್ಟೋ ಸಲ ಏಳಲು ಹವಣಿಸಿತು. ಇನ್ನೊಂದು ಕೈಯಿಂದ ಜೇಬಿನ ಮೇಲೆ ನಿನ್ನ ಕಾಗದ ಒತ್ತಿಕೊಂಡು ಕೂತೆ. ಏನೂ ಕೇಳಿಸಲಿಲ್ಲ, ಬೆರಳೂ ಎತ್ತಲಿಲ್ಲ. ಕೆನ್ನೆ ಒದ್ದೆಯಾಗಿತ್ತು ಅಂತ ಆಮೇಲೆ ಗೊತ್ತಾಯಿತು.

ಯಾರೋ ಭುಜ ಮುಟ್ಟಿದರು. ಕಣ್ಣು ಬಿಟ್ಟೆ. ಡಾಕ್ಟರಮ್ಮ. ಕೈಯಲ್ಲಿ ಫೈಲು, ಫೈಲಿನಲ್ಲಿ ನಿನ್ನ ಅಕ್ಷರ. ನಾನು ತಿರುಗುವವರೆಗೆ ಕಾದು, ಆಮೇಲೆ ನಿಧಾನವಾಗಿ ತುಟಿ ಬಿಡಿಸಿ ಹೇಳಿದರು. "ಎಡಗಿವಿ ಪೂರ್ತಿ ಹೋಗಿದೆ. ಬಲದಲ್ಲಿ ಒಂಚೂರು ಉಳಿದಿದೆ. ಇದು ಸರ್ವಿಸಿನಿಂದಲೇ ಆಗಿರೋದು ಅಂತ ನಾನು ಬರೀತೀನಿ." ಮಂಡಳಿಯ ಸಹಿ ಬಾಕಿಯಿದೆ, ಆಗುತ್ತದೆ ಅಂದರು. ಯಂತ್ರ ಬಂದರೂ ಸ್ವಲ್ಪವೇ ಕೇಳಿಸುವುದಂತೆ. ಸ್ವಲ್ಪ ಸಾಕು.

ಅಲ್ಲಿಂದ ಮನೆಗೆ ಹೋಗುವ ರೈಲು ಬಿಟ್ಟು ನಿನ್ನೂರಿನ ರೈಲು ಹತ್ತಿದೆ.

ಬೆಳಿಗ್ಗೆಯಿಂದ ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದೇನೆ. ತಲೆಯ ಮೇಲೇ ಧ್ವನಿವರ್ಧಕ ಇದೆ. ನನಗೆ ಅದರಿಂದ ಏನೂ ಬರುವುದಿಲ್ಲ. ಆದರೆ ಗುಬ್ಬಿ, ನೀನು ಮಾತಾಡಿದ್ದು ನನಗೆ ಕಾಣಿಸುತ್ತದೆ. ಇದ್ದಕ್ಕಿದ್ದ ಹಾಗೆ ಎಲ್ಲರೂ ಒಟ್ಟಿಗೆ ತಲೆ ಎತ್ತುತ್ತಾರೆ. ಮಗುವಿಗೆ ತಿನ್ನಿಸುತ್ತಿದ್ದ ತಾಯಿಯ ಕೈ ಅರ್ಧಕ್ಕೆ ನಿಲ್ಲುತ್ತದೆ. ಮಲಗಿದ್ದ ಮುದುಕ ಎದ್ದು ಕೂರುತ್ತಾನೆ. ಆಮೇಲೆ ಅರ್ಧಕ್ಕರ್ಧ ಜನ ಗಂಟುಮೂಟೆ ಎತ್ತಿಕೊಂಡು ಒಂದೇ ಕಡೆ ಹೊರಡುತ್ತಾರೆ. ಒಂದು ಮಾತಿಗೆ ಇಷ್ಟು ಜನ ಏಳುವುದನ್ನು ನಾನು ಸೈನ್ಯದಲ್ಲೂ ನೋಡಿಲ್ಲ. ಎಷ್ಟು ನೋಡಿದರೂ ಸಾಕಾಗುತ್ತಿಲ್ಲ.

ನಿನ್ನ ಡ್ಯೂಟಿ ಮುಗಿಯುವವರೆಗೆ ಇಲ್ಲೇ ಇರುತ್ತೇನೆ. ನೀರಿನ ನಲ್ಲಿಯ ಪಕ್ಕದ ಬೆಂಚು. ನಿನ್ನ ಬಾಗಿಲಿಗೇ ಮುಖ ಮಾಡಿ ಕೂತಿದ್ದೇನೆ. ಆದರೆ ರಾತ್ರಿಯೆಲ್ಲ ಪ್ರಯಾಣ, ವಯಸ್ಸು ಬೇರೆ, ಕೂತಲ್ಲೇ ಕಣ್ಣು ಹತ್ತಿದರೂ ಹತ್ತಬಹುದು. ಹಾಗೇನಾದರೂ ಆಗಿದ್ದರೆ ಕರೆಯಬೇಡ.

ಬಂದು ಮುಟ್ಟು.

ಅಪ್ಪ